ಹಳಿಯಾಚೆಯ ಎಂಪಿ

ಮನೆಗಳೆಲ್ಲ ಹಳಿಯ ಈಚೆ. ಮಾರುಕಟ್ಟೆ, ಆಸ್ಪತ್ರೆ, ಕೆಲಸ ಎಲ್ಲ ಆಚೆ. ರೈಲ್ವೆ ಗೇಟನ್ನು ಕಾಯಂ ಮುಚ್ಚಿದ ಮೇಲೆ ಬೀದಿಯ ಜನ ಬೇಲಿಯ ಕಿಂಡಿಯಲ್ಲಿ ನುಸುಳಿ ಹಳಿ ದಾಟತೊಡಗಿದರು. ಸುತ್ತುದಾರಿ ಹಿಡಿದರೆ ಕೆಲಸಕ್ಕೆ ಹೊತ್ತಾಗುತ್ತಿತ್ತು.

ಒಂದು ಸಂಜೆ ಕ್ಷೌರಿಕನ ಮಗಳು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ.

“ಇನ್ನೊಂದೆಲ್ಲೇ?” ಅಂದಳು ತಾಯಿ.

“ಹಳೀಲಿ ಸಿಕ್ಕಿಹಾಕಿಕೊಳ್ತು. ರೈಲು ಬಂತು. ಬಿಟ್ಟು ಓಡಿದೆ.”

ತಾಯಿ ಗಂಡನ ಕಡೆ ತಿರುಗಿದಳು. “ಎಂಪಿಗೆ ಹೇಳಿ ಸೇತುವೆ ಕಟ್ಟಿಸ್ತೀನಿ ಅಂದಿದ್ರಲ್ಲ?”

“ಹೇಳಿದೀನಿ ಕಣೇ. ಪ್ರತಿ ಸಲ ಗಡ್ಡ ತೆಗೆಯುವಾಗ ಹೇಳ್ತೀನಿ. ಒಂದು ಸಲಾನೂ ಆಗಲ್ಲ ಅಂದಿಲ್ಲ ಅವರು.”

“ಕತ್ತಿಗೆ ಕತ್ತು ಕೊಟ್ಟು ಕೂತವರು ಆಗಲ್ಲ ಅಂತ ತಲೆ ಆಡಿಸೋಕಾಗತ್ತಾ ಭಾವ?” ಮೂಲೆಯಿಂದ ನಾದಿನಿ ನಕ್ಕಳು. ಅವಳು ಶಾಲೆಯ ಟೀಚರ್, ಚುನಾವಣೆ ಬಂದಾಗ ಮತಗಟ್ಟೆಯಲ್ಲಿ ಕೂರುವವಳು.

ಕ್ಷೌರಿಕನಿಗೆ ಸಿಟ್ಟು ಬಂತು. ಅಂಗಡಿ ಹಳಿಯಾಚೆ, ಮಾರುಕಟ್ಟೆಯಲ್ಲಿದೆ. ಅಲ್ಲಿನ ಗೋಡೆಯ ಮೇಲಿನ ಎಂಪಿಗಳ ಫೋಟೊಗಳೇ ಅವನ ಹೆಮ್ಮೆ. ಮೊದಲನೇ ಎಂಪಿಯ ಮೀಸೆ ತಿದ್ದಿದವನು ತಾತ. ಎರಡನೆಯವನ ಗಡ್ಡ ತೆಗೆದವನು ಅಪ್ಪ. ಆ ಎಂಪಿ ಎಷ್ಟು ಸಲ ಗೆದ್ದನೆಂದರೆ, ಕುರ್ಚಿಯನ್ನು ಮಾವನ ಮನೆಯಿಂದ ತಂದಿದ್ದಾನೆ ಅನ್ನುತ್ತಿದ್ದರು ಜನ. ನಡುವೆ ಒಬ್ಬ ಹೆಂಗಸು ಗೆದ್ದರು. ಅವರ ಅವಧಿಯಲ್ಲಿ ಗೋಡೆಗೆ ಹೊಸ ಫೋಟೊ ಬರಲಿಲ್ಲ. ಈಗಿನವರು ತಪ್ಪದೆ ಬರುತ್ತಾರೆ.

“ಅವರು ನಿಮ್ಮ ಎಂಪಿನೇ ಅಲ್ಲ ಭಾವ,” ಅಂದಳು ನಾದಿನಿ.

“ಮಕ್ಕಳಿಗೆ ಪಾಠ ಹೇಳಿ ಹೇಳಿ ನಿನಗೆ ತಲೆ ಕೆಟ್ಟಿದೆ.”

“ಅಂಗಡಿ ಅವರ ಕ್ಷೇತ್ರದಲ್ಲಿದೆ, ಮನೆ ಇಲ್ಲ. ತಾತನ ಕಾಲದಲ್ಲಿ ಇಷ್ಟೂ ಊರಿಗೆ ಒಬ್ಬರೇ ಎಂಪಿ. ಜನ ಹೆಚ್ಚಾದ್ರು, ಕ್ಷೇತ್ರ ಒಡೆದು ಎರಡು ಮಾಡಿದ್ರು. ಹೋದ ಸಲ ಗಡಿ ತಿದ್ದಿದಾಗ ಈ ಹಳೀನೇ ಗಡಿ ಆಯ್ತು. ಈಚೆಯವರಿಗೆ ಬೇರೆ ಎಂಪಿ.”

“ನನಗೆ ಯಾರೂ ಹೇಳ್ಲಿಲ್ವಲ್ಲ?”

“ಹೇಳಿದ್ರು. ಕಳೆದ ಚುನಾವಣೇಲಿ ಮಾರುಕಟ್ಟೆ ಶಾಲೆಗೆ ಹೋದ್ರಿ. ನಿಮ್ಮ ಮತಗಟ್ಟೆ ಇದಲ್ಲ, ಹಳಿ ಈಚೆ ಇದೆ ಅಂದ್ರು. ನೀವು ‘ನಮ್ಮ ತಾತ ವೋಟು ಹಾಕಿದ ಜಾಗ ಇದು’ ಅಂತ ಜಗಳ ಆಡಿ ಮನೆಗೆ ಬಂದು ಮಲಗಿದ್ರಿ. ನಿಮ್ಮನ್ನ ನೋಡಿ ಬೀದಿಯವರೂ ಮಲಗಿದ್ರು.”

“ಯಾರಾದ್ರೇನು? ಎಲ್ಲಾ ಒಂದೇ.”

“ಹೇಗೆ ಒಂದೇ? ಹಳಿ ದಾಟೋರು ನಾವು. ಆಚೆಯವರಿಗೆ ಈಚೆ ಬರೋ ಗರಜೇ ಇಲ್ಲ. ಅವರ ಎಂಪಿ ಸೇತುವೆಗೆ ಯಾಕೆ ಒದ್ದಾಡ್ತಾರೆ? ರೈಲು ಕೇಂದ್ರ ಸರ್ಕಾರದ್ದು. ನಮ್ಮ ಪರವಾಗಿ ಸಂಸತ್ತಲ್ಲಿ ಕೇಳಬೇಕಾದವರು ನಮ್ಮ ಎಂಪಿ. ಅವರ ಬಾಗಿಲು ಯಾವ ಕಡೆಗಿದೆ ಅಂತಾನೂ ನಮಗೆ ಗೊತ್ತಿಲ್ಲ.”

ಕ್ಷೌರಿಕ ಮಗಳ ಬರಿಗಾಲು ನೋಡಿದ. ಹಿಮ್ಮಡಿ ಜಲ್ಲಿಗೆ ತರಚಿತ್ತು.

ಆ ವಾರ ಅವನು ಅಂಗಡಿ ಮುಚ್ಚಿ, ಅಕ್ಕಪಕ್ಕದವರನ್ನು ಕಟ್ಟಿಕೊಂಡು ಈಚೆ ಕ್ಷೇತ್ರದ ಎಂಪಿಯ ಕಚೇರಿಗೆ ಹೋದ. ಎಂಪಿ ನೇರವಾಗಿ ಕೇಳಿದರು: “ಗೇಟು ಮುಚ್ಚಿ ಇಷ್ಟು ದಿನ ಆಯ್ತು. ಎಲ್ಲಿದ್ರಿ?”

ಕ್ಷೌರಿಕ ಸೇತುವೆಯ ಅರ್ಜಿಯನ್ನು ಮೇಜಿನ ಮೇಲಿಟ್ಟ.

ಮುಂದಿನ ಅಧಿವೇಶನದಲ್ಲಿ ಅವರು ಪ್ರಶ್ನೆ ಕೇಳಿದರು. ರೈಲ್ವೆಯವರು ಬಂದು ಅಳತೆ ಮಾಡಿಕೊಂಡು ಹೋಗಿದ್ದಾರೆ. ಸೇತುವೆ ಇನ್ನೂ ಬಂದಿಲ್ಲ. ಕೇಳುವುದನ್ನು ಬೀದಿ ಬಿಟ್ಟಿಲ್ಲ. ಮಗಳು ಬೇಗ ಎದ್ದು ಸುತ್ತುದಾರಿಯಲ್ಲೇ ಹೋಗುತ್ತಾಳೆ. ಮನೆಮನೆಯವರೂ ತಮ್ಮ ಮತಗಟ್ಟೆ ಯಾವುದೆಂದು ವಿಚಾರಿಸಿ ಇಟ್ಟುಕೊಂಡಿದ್ದಾರೆ.

ಮೊನ್ನೆ ಆಚೆಯ ಎಂಪಿ ಗಡ್ಡ ತೆಗೆಸಲು ಬಂದರು. ಕ್ಷೌರಿಕ ನೊರೆ ಹಚ್ಚಿ ಕತ್ತಿ ಹಿಡಿದ.

“ಏನಪ್ಪಾ, ಇವತ್ತು ಸೇತುವೆ ಮಾತೇ ಇಲ್ವಲ್ಲ?”

“ಅದನ್ನ ನಮ್ಮ ಎಂಪಿಗೆ ಹೇಳಿದೀನಿ ಸಾರ್. ನೀವು ಗಲ್ಲ ಸ್ವಲ್ಪ ಮೇಲೆತ್ತಿ.”

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆ ಇವತ್ತು ಯಾವ ಕ್ಷೇತ್ರದಲ್ಲಿದೆ? ತಾತನ ಎಂಪಿ ತಾತನ ಕಾಲಕ್ಕೇ ಮುಗಿದ. ಗಡಿ ಬದಲಾಗುತ್ತದೆ, ಮತಗಟ್ಟೆ ಬದಲಾಗುತ್ತದೆ, ಗೆದ್ದವರೂ ಬದಲಾಗುತ್ತಾರೆ. ಚುನಾವಣೆಯ ದಿನದವರೆಗೆ ಕಾಯಬೇಡಿ, ಈಗಲೇ ವಿಚಾರಿಸಿ. ಆ ದಿನ ಹೋಗಿ ಮತ ಹಾಕಿ. ಆಮೇಲೆ ಸರಿಯಾದ ಬಾಗಿಲು ತಟ್ಟಿ.