ಬಂಡೆಯಿಂದಾಚೆ ದೇವರ ಮೀನು

ಸಾಲಿಗ್ರಾಮದಿಂದ ಒಂದಿಷ್ಟು ಕೆಳಗೆ ಕಾವೇರಿ ಒಂದು ಸಣ್ಣ ಈಶ್ವರನ ಗುಡಿಯ ಮೆಟ್ಟಿಲಿಗೆ ಮೈ ಉಜ್ಜಿಕೊಂಡು ತಿರುಗುತ್ತದೆ. ಅಲ್ಲಿ ನೀರಿನೊಳಗೆ ಎಮ್ಮೆ ಬೆನ್ನಿನಂಥ ಒಂದು ಬಂಡೆ. ಬಂಡೆಯಿಂದ ಗುಡಿಯ ಕಡೆಗಿರುವ ಮೀನೆಲ್ಲ ದೇವರದು, ಹಿಡಿಯಬಾರದು. ಈಚೆಗಿರುವುದು ಹಿಡಿದವನದು. ಈ ಪಾಲು ಯಾವಾಗ ಆಯಿತೋ ಯಾರಿಗೂ ಗೊತ್ತಿಲ್ಲ. ಅಣ್ಣತಮ್ಮಂದಿರ ಪಾಲಿನ ಹಾಗೆ ಕೋರ್ಟು ಹತ್ತದೆ ನಡೆದುಕೊಂಡು ಬಂದಿದೆ ಅನ್ನುವುದೇ ದೊಡ್ಡದು. ಮೀರಿದವನು ಸಣ್ಣಬೀರಯ್ಯ ಒಬ್ಬನೇ. ದೇವರ ಮೀನು ತಿಂದ ವಾರದಲ್ಲೇ ಅವನ ಪಂಪ್‌ಸೆಟ್ ಮೋಟಾರು ಸುಟ್ಟುಹೋಯಿತು. ಅದಕ್ಕೂ ಮುಂಚೆ ಆ ಮೋಟಾರು ಮೂರು ಸಲ ಸುಟ್ಟಿತ್ತು ಅನ್ನುವುದನ್ನು ಮಾತ್ರ ಯಾರೂ ಎತ್ತಲಿಲ್ಲ.

ಆ ಭಾನುವಾರ ಬೆಳಗ್ಗೆ ಆರಕ್ಕೇ ಕಂಠಪ್ಪ ಬಂಡೆಯ ಈಚೆ ದಡದಲ್ಲಿ ಗಾಳ ಹಾಕಿ ಕೂತಿದ್ದ. ಹತ್ತಾದರೂ ನೀರ ಮೇಲಿನ ಬೆಂಡು ಅಲ್ಲಾಡಿರಲಿಲ್ಲ. ಒಂದು ಗಂಟೆಗೆ ಬೀಗರು ಊಟಕ್ಕೆ ಬರುವವರಿದ್ದರು.

ಬೀಗರೆಂದರೆ ಮಗಳು ಕಾವ್ಯಶ್ರೀಯ ಮಾವ, ಪಿರಿಯಾಪಟ್ಟಣದ ಕಡೆಯ ಬೆಟ್ಟಸ್ವಾಮಿ. ಆರು ತಿಂಗಳ ಹಿಂದೆ ಅವರ ಮನೆಗೆ ಹೋದಾಗ ತಮ್ಮೂರ ಕೆರೆಯ ಮೀನಿನ ಸಾರು ಮಾಡಿಸಿದ್ದರು. ಎರಡು ಸಲ ಹಾಕಿಸಿಕೊಂಡು ಉಂಡ ಮೇಲೂ ಕಂಠಪ್ಪನ ನಾಲಿಗೆ ಸುಮ್ಮನಿರಲಿಲ್ಲ. "ಏನೇ ಅನ್ನಿ ಬೀಗ್ರೇ, ಕೆರೆ ಮೀನು ಮಣ್ಣು ವಾಸ್ನೆ. ನಮ್ಮೂರ್ಗೆ ಬನ್ನಿ, ನನ್ ಗಾಳದಲ್ಲೇ ಹಿಡ್ದು ಕಾವೇರಿ ಮೀನು ಉಣ್ಣುಸ್ತೀನಿ. ಇಲ್ಲಾಂದ್ರೆ ನಿಮ್ ಕೆರೆ ಮೀನನ್ನೇ ಎಲ್ರ ಮುಂದೆ ಹೊಗಳ್ಕಂಡು ತಿಂತೀನಿ" ಅಂದುಬಿಟ್ಟ. ಅಂದವನು ಬಸ್ಸು ಹತ್ತಿ ಬಂದ. ಅಲ್ಲೇ ಉಳಿದವಳು ಮಗಳು. ಸಾರಿಗೆ ಉಪ್ಪು ಚೂರು ಹೆಚ್ಚಾದರೂ ಸಾಕು, "ಯಾಕವ್ವಾ, ಕಾವೇರಿ ನೀರು ಬೇಕಾಗಿತ್ತಾ?" ಅನ್ನುತ್ತಿದ್ದರು ಮಾವ. ಪಾಪ, ಅವಳು ಅವರ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು ಒಳಗೆ ಹೋಗುತ್ತಿದ್ದಳು. ಹಿಂದಿನ ದಿನ ತವರಿಗೆ ಬಂದವಳು ಚೀಲ ಇಳಿಸುವ ಮುಂಚೆಯೇ, "ಅಪ್ಪಾ, ನಾಳೆ ಒಂದ್ ಮೀನು ಹಿಡಿ. ಅವರ ಬಾಯಿ ಮುಚ್ಚಿಸು. ಇನ್ನೇನೂ ಕೇಳಲ್ಲ" ಅಂದಿದ್ದಳು.

"ಪ್ಯಾಟೇಲಿ ಒಂದ್ ಕೊಂಡ್ಕಂಡು ಗಾಳಕ್ಕೆ ಸಿಗ್ಸಿ ತೋರ್ಸು ಕಣ್ಲಾ, ಯಾರ್ಗ್ ಗೊತ್ತಾಯ್ತದೆ?" ಅಂದ ಕುಳ್ಳಯ್ಯ. ಅವನೂ ಗಾಳದವನೇ, ಆದರೆ ಆ ದಿನ ಬರೀ ಮಜಾ ನೋಡುವುದಕ್ಕೆ ಬೀಡಿ ಹಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದ.

"ನಮ್ ಬೀಗ್ರು ಕಿವಿರು ಎತ್ತಿ ನೋಡಿ ಮೀನಿನ ಜಾತ್ಕ ಹೇಳೋ ಮನ್ಸ ಕಣ್ಲಾ."

"ಅಂಗಾದ್ರೆ ರಾಗಿಮುದ್ದೆ ಬುಟ್ಟು ಬ್ಯಾರೆ ಏನಾರ ಚುಚ್ಚು. ಇಲ್ಲಿ ಮೀನ್ಗೋಳು ದಿನಾ ಗುಡೀಲಿ ಕಡ್ಲೆಪುರಿ ತಿಂತವೆ, ಪೂಜೆ ಇದ್ರೆ ಪೊಂಗಲ್ಲು. ತುಪ್ಪದ ರುಚಿ ಕಂಡ ಬಾಯಿಗೆ ನಿನ್ ತಂಗ್ಳು ಮುದ್ದೆ ಯಾವ್ ಲೆಕ್ಕ?"

ಕಂಠಪ್ಪ ಗುಡಿಯ ಕಡೆ ನೋಡಿದ. ಯಾರದೋ ಹರಕೆ ಪೂಜೆ ಮುಗಿದು, ಅರ್ಚಕ ಯತೀಶ್ ಸಿಹಿ ಪೊಂಗಲ್ ಹಂಚುತ್ತಿದ್ದ. ವಯಸ್ಸಿನಲ್ಲಿ ಯತೀಶ್ ಕಾವ್ಯಶ್ರೀಗಿಂತ ಚಿಕ್ಕವನು, ಆದರೂ ಊರಿಗೆಲ್ಲ ಅಯ್ನೋರು. ಕಂಠಪ್ಪ ಕಾಲು ತೊಳೆದು, ಅಂಗಿ ಗುಂಡಿ ಹಾಕಿಕೊಂಡು, ಭಕ್ತಿಯಿಂದ ಹೋಗಿ ದೊನ್ನೆ ಒಡ್ಡಿದ.

"ಇನ್ನೊಂಚೂರು ಹಾಕಿ ಅಯ್ನೋರೇ. ಮನೇಗೆ ಬೀಗ್ರು ಬತ್ತಾವ್ರೆ."

ಯತೀಶ್ ಇನ್ನೆರಡು ಸೌಟು ಹಾಕಿದ. ಕಂಠಪ್ಪ ಕಣ್ಣಿಗೊತ್ತಿಕೊಂಡು ದಡಕ್ಕೆ ಬಂದು ಅರ್ಧ ತಾನು ತಿಂದ, ಅರ್ಧವನ್ನು ಮುದ್ದೆಯ ಜೊತೆ ಹಿಸುಕಿ ಗಾಳಕ್ಕೆ ಮೆತ್ತಿದ. "ಶಿವನೇ ನೀನೇ ಕಾಪಾಡು" ಅಂತ ಎಸೆದ.

"ಅವನ ಪರ್ಸಾದ, ಅವನ ಮೀನು. ಅವನ್ನೇ ಕಾಪಾಡು ಅಂತೀಯ. ನಿನ್ ಧೈರ್ಯ ಮೆಚ್ಚುಬೇಕು" ಅಂದ ಕುಳ್ಳಯ್ಯ.

ಅವನ ಮಾತು ಮುಗಿಯುವುದರೊಳಗೆ ಬೆಂಡು ಮುಳುಗಿತು. ಬಿದಿರುಕೋಲು ಬಿಲ್ಲಾಯಿತು. ಮೂರು ಕೆ.ಜಿ.ಗೆ ಮೋಸವಿಲ್ಲದ ಗೆಂಡೆ ಮೀನು ಒಂದು ಸಲ ಮೇಲೆದ್ದು ಹೊಟ್ಟೆ ತೋರಿಸಿತು, ತಿರುಗಿತು, ಬಂಡೆಯನ್ನು ಸುತ್ತಿ ಸೀದಾ ಗುಡಿಯ ಕಡೆ ನುಗ್ಗಿ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟಿತು.

"ಕಂಠಪ್ನೋರೇ! ದಾರ ಕುಯ್ರಿ, ಅದು ನಮ್ ಕಡೆ ಬಂದಿದೆ!" ಯತೀಶ್ ಪಂಚೆ ಎತ್ತಿಕೊಂಡು ಓಡಿ ಬಂದ.

"ಕಚ್ಚಿದ್ದು ನಮ್ ಕಡೆ! ಕೆ.ಆರ್. ನಗರದಲ್ಲಿ ಬಸ್ ಹತ್ತಿ ಹುಣಸೂರಲ್ಲಿ ಇಳಿದ್ರೆ ಟಿಕೀಟು ಎಲ್ಲಿಂದ ಕೊಡ್ತಾರೆ ಅಯ್ನೋರೇ?"

"ಏನ್ ಹಾಕಿದ್ರಿ ಗಾಳಕ್ಕೆ?" ಯತೀಶನ ಕಣ್ಣು ಖಾಲಿ ದೊನ್ನೆಯ ಮೇಲೆ ಬಿತ್ತು. "ಅಯ್ಯೋ, ಬೀಗ್ರಿಗೆ ಅಂತ ಈಸ್ಕೊಂಡ್ರಲ್ರೀ!"

"ಬೀಗ್ರಿಗೇ ಕಣ್ರೀ ಇದು!"

ಎಳೆದುಕೊಳ್ಳಲು ಕಂಠಪ್ಪನಿಗೆ ಧೈರ್ಯವಿಲ್ಲ, ಅವನಿಗೂ ಒಂದು ಮೋಟಾರು ಇತ್ತು. ಬಿಡಲು ಮನಸ್ಸಿಲ್ಲ. "ಅದು ತಾನಾಗೇ ಈಚೆಗೆ ಬರೋವರ್ಗೂ ಇಡ್ಕಂಡಿರ್ತೀನಿ. ಇಡ್ಕಂಡಿರ್ಬಾರ್ದು ಅಂತ ಯಾವ ಶಾಸ್ತ್ರದಲ್ಲೈತೆ?" ಅಂದ. ಯತೀಶ್ ಓದಿದ ಶಾಸ್ತ್ರದಲ್ಲಿ ಗಾಳದ ಅಧ್ಯಾಯವೇ ಇರಲಿಲ್ಲ. ಅವನೂ ಮೆಟ್ಟಿಲ ಮೇಲೆ ಕಾವಲು ಕೂತ. ಕುಳ್ಳಯ್ಯ ಈಚೆ ಕಡೆ ನೀರಿಗೆ ಮುದ್ದೆ ಚೂರು ಎಸೆಯುತ್ತಾ "ಬಾರವ್ವಾ ತಾಯಿ, ಬಾ" ಅಂತ ಕರೆದ. ಗೆಂಡೆ ಜಗ್ಗಲಿಲ್ಲ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ ಭಾಗ್ಯಮ್ಮ.

"ಮಸಾಲೆ ರುಬ್ಬಿ ಎಷ್ಟೊತ್ತಾಯ್ತು! ಎಲ್ಲಿ ಮೀನು?"

"ಸಿಕ್ಕೈತೆ. ದೇವ್ರ ತಾವ ಮಾತುಕತೆ ನಡೀತಾ ಐತೆ."

"ದೇವ್ರು ಇರ್ಲಿ, ಬೀಗ್ರು ಆಗ್ಲೇ ಬಂದಾಯ್ತು. ಕಾವ್ಯನ್ನ ಕರ್ಕಂಡು ಅಲ್ಗೇ ಬತ್ತಾವ್ರೆ."

ಬಂದೇ ಬಿಟ್ಟರು. ಬೆಟ್ಟಸ್ವಾಮಿಯವರದು ಇಸ್ತ್ರಿ ಅಂಗಿ, ಕೈಯಲ್ಲೊಂದು ಚೀಲ. ಹಿಂದೆ ಕಾವ್ಯಶ್ರೀ, ಕಣ್ಣು ಅಪ್ಪನ ಗಾಳದ ಮೇಲೆ. ಅವರ ಕಣ್ಣಿಗೆ ಬಿದ್ದದ್ದು ಬಿಗಿದ ದಾರ, ಮೆಟ್ಟಿಲಲ್ಲಿ ಅರ್ಚಕ, ಬೆವರುತ್ತಿರುವ ಬೀಗ ಕಂಠಪ್ಪ. ಕುಳ್ಳಯ್ಯ ಎಲ್ಲವನ್ನೂ ಉಪ್ಪುಖಾರ ಹಚ್ಚಿ ವಿವರಿಸಿದ.

ಅಷ್ಟರಲ್ಲಿ ಹನ್ನೆರಡಾಯಿತು. ಯತೀಶನ ಮುಖ ಅರಳಿತು. ಮಧ್ಯಾಹ್ನದ ಗಂಟೆ ಬಾರಿಸಿ ಮೀನುಗಳಿಗೆ ಪುರಿ ಹಾಕುವ ಹೊತ್ತು. ಒಳಗೆ ಓಡಿ ಗಂಟೆ ಬಾರಿಸಿದ, ಪುರಿಯ ಚೀಲ ತಂದು ಎರಚಿದ. ನೀರು ಕುದಿಯಿತು. ನೂರಾರು ಬಾಯಿ ಮೇಲೆದ್ದವು. ಕಂಠಪ್ಪನ ದಾರ ಸಡಿಲವಾಯಿತು. ನೋಡಿದರೆ ಅವುಗಳ ನಡುವೆ, ತುಟಿಯಲ್ಲಿ ಗಾಳ, ಒಂದೇ ಕಡೆ ಮೀಸೆ ಬಿಟ್ಟ ಹಾಗೆ ಜೋಲುವ ದಾರ, ಆ ಗೆಂಡೆಯೂ ಬಂದು ಪುರಿ ನುಂಗುತ್ತಿತ್ತು!

"ಗಾಳ ಕಚ್ಕಂಡೂ ಊಟಕ್ಕೆ ಬಂದೈತಲ್ರೀ," ಅಂದರು ಬೆಟ್ಟಸ್ವಾಮಿ, "ಇದೂ ಬೀಗ್ರ ಪೈಕಿನೇ ಕಣ್ರೀ!"

ಕಾವ್ಯಶ್ರೀ ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಕಂಠಪ್ಪ ಕೋಲು ಕೆಳಗಿಟ್ಟ. ಈಗ ಎಳೆದರೆ ಬಂಡೆಯ ಈಚೆಗೆ ಬರಲು ಅಂಗೈ ಅಗಲ ದೂರ. ಆದರೆ ಎಲೆ ಮುಂದೆ ಕೂತವರನ್ನು ಎಬ್ಬಿಸಿದ ಮನೆತನ ಅವನದಲ್ಲ. ಗೊಣಗುತ್ತಾ ಹೋಗಿ, ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿದ. ಗೆಂಡೆ ಒಂದು ಮಾತೂ ಹೇಳದೆ ಪುರಿಗೆ ವಾಪಸು ಹೋಯಿತು.

ಬೆಟ್ಟಸ್ವಾಮಿ ನಿಧಾನಕ್ಕೆ ಚೀಲದ ಬಾಯಿ ಬಿಚ್ಚಿದರು. ಒಳಗೆ ಅವರೂರ ಕೆರೆಯ ಮೀನು, ನಾಲ್ಕು. "ಯಾಕೋ ಇರ್ಲಿ ಅಂತ ತಂದೆ ಕಣ್ರೀ."

ಎರಡು ಗಂಟೆಗೆ ಎಲೆ ಹಾಕಿದರು. ಕಂಠಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಚೆನ್ನಾಗೈತೆ."

"ಕೇಳುಸ್ಲಿಲ್ಲ ಬೀಗ್ರೇ."

"ಚೆನ್ನಾಗೈತೆ ಅಂದೆ! ಮಣ್ಣು ವಾಸ್ನೆ ಇಲ್ಲ, ಏನಿಲ್ಲ, ನಿಮ್ ಕೆರೆ ನೂರ್ ವರ್ಷ ತುಂಬಿರ್ಲಿ!"

"ಕೆರೇದೇನೈತೆ ಅದ್ರಲ್ಲಿ, ರುಬ್ಬಿದ್ದು ನಾನು" ಅಂದಳು ಭಾಗ್ಯಮ್ಮ ಸೌಟು ಹಿಡಿದು. "ಹೊಗಳೋದಾದ್ರೆ ಈ ಕಡೆ ತಿರ್ಕಂಡು ಹೊಗಳಿ."

ಬೆಟ್ಟಸ್ವಾಮಿ ಮೂರನೇ ಸಲ ಸಾರು ಹಾಕಿಸಿಕೊಂಡರು. ಹಾಕಿಸಿಕೊಂಡವರು ಸುಮ್ಮನೆ ಉಣ್ಣಬಾರದೇ, ಹಳೇ ಚಟ. "ಏನವ್ವಾ ಕಾವ್ಯ, ಇವತ್ತು ಸಾರಿಗೆ ಕಾವೇರಿ ನೀರೇ ಬಿದ್ದಂಗೈತಲ್ಲ?"

ಕಾವ್ಯಶ್ರೀ ಅವರ ಎಲೆಗೆ ಇನ್ನೊಂದು ಮುದ್ದೆ ಇಟ್ಟಳು.

"ಉಣ್ಣಿ ಮಾವ. ಗಾಳ ಕಚ್ಕಂಡೂ ಊಟಕ್ಕೆ ಬರೋರು ಯಾರ ಪೈಕಿ ಅಂತ ನೀವೇ ಹೇಳಿದ್ರಲ್ಲ."