ಭರಮಣ್ಣನ ಹಿತ್ತಾಳೆ ರೇಜರು

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೊತ್ತು ಮಾರುದ್ದ ಏರಿತ್ತು. ಗೋಡೆಗೆ ಒರಗಿಸಿ ಕೂಡಿಸಿದ್ದ ಗೆಳೆಯನ ಗಲ್ಲದ ಮೇಲೆ ಅಜ್ಜಪ್ಪ ಬೆರಳಾಡಿಸುತ್ತಿದ್ದ. ಭರಮಣ್ಣ ತೀರಿಕೊಂಡದ್ದು ರವಿವಾರ ರಾತ್ರಿ. ಸುದ್ದಿ ತಿಳಿದು ಸೋಮವಾರ ಮೊದಲ ಬಸ್ಸಿಗೇ ಕುಪ್ಪೇಲೂರಿನಿಂದ ಮೋಟೆಬೆನ್ನೂರಿಗೆ ಬಂದಿದ್ದ ಈ ಮುದುಕ ದುಃಖ ತಡೆಯಲಾರದೆ ಹಾಗೆ ಮಾಡುತ್ತಿದ್ದಾನೆಂದು ಸುತ್ತಲಿನ ಹೆಂಗಸರು ಇನ್ನಷ್ಟು ಅತ್ತರು. ದುಃಖ ಅವನಿಗೂ ಇತ್ತು. ಆದರೆ ಬೆರಳು ಹುಡುಕುತ್ತಿದ್ದುದು ಬೇರೆ. ಎರಡು ದಿನದ ಗಡ್ಡ ಜೋಳದ ಕೂಳೆಯ ಹಾಗೆ ಎದ್ದಿತ್ತು, ಎಲ್ಲ ಒಂದೇ ಎತ್ತರ. ಎಪ್ಪತ್ತಾರು ವರ್ಷದ ಗಲ್ಲದಲ್ಲಿ ಒಂದು ಗೀರಿನ ಗುರುತೂ ಇರಲಿಲ್ಲ.

‘ಅಪ್ಪನ ದಾಡಿ ಮಾಡಿಸಿ ಮೈ ತೊಳೀಬೇಕು ಕಾಕಾ,’ ಎಂದ ಭರಮಣ್ಣನ ಮಗ ಮೈಲೇಶ. ‘ಬ್ಯಾಡಗಿಗೆ ಫೋನ್ ಮಾಡೇನಿ. ಕಟಿಂಗ್ ಅಂಗಡಿ ಯುವರಾಜ ಬರ್ತಾನ. ಅಪ್ಪನ ರೇಜರ್‌ಲೇನ ಮಾಡ್ಸೂಣು.’

‘ಮಾಡಿದ ಮ್ಯಾಲೆ ರೇಜರು?’

‘ಹೆಣಕ್ಕ ಹಚ್ಚಿದ್ದು ಮನ್ಯಾಗ ಇಡಬಾರದಲ್ಲ. ದಾಡಿ ಮಾಡಿದವಗ ಹೋಗ್ತೈತಿ. ನಮ್ಮಲ್ಲಿ ಮೊದಲಿಂದ ಹಂಗ ಐತಿ.’

ಅಜ್ಜಪ್ಪನ ಎದೆ ಧಸಕ್ಕೆಂದಿತು. ಗೆಳೆಯ ಸತ್ತ ಸುದ್ದಿ ಬಂದಾಗಲೂ ಹಾಗಾಗಿರಲಿಲ್ಲ.

* * *

ನಲವತ್ತನಾಲ್ಕು ವರ್ಷದ ಹಿಂದಿನ ಮಾತು. ಇಬ್ಬರೂ ಎತ್ತು ನೋಡಲು ರಾಣೆಬೆನ್ನೂರಿಗೆ ಹೋಗಿದ್ದರು. ಎತ್ತಿನ ಮಾತು ಕುದುರಲಿಲ್ಲ. ಬರಿಗೈಯಲ್ಲಿ ತಿರುಗುವ ದಾರಿಯಲ್ಲಿ ಸೈದಾಬಿಯ ಕಟ್ಲರಿ ಅಂಗಡಿಗೆ ನಿಂತರು. ಆಕೆ ಉಳಿದಿದ್ದ ಎರಡು ರೇಜರು ಮುಂದಿಟ್ಟಳು. ಒಂದು ಬೆಳ್ಳಗೆ ಹೊಳೆಯುತ್ತಿತ್ತು. ಹಿಡಿಕೆಯ ಬುಡ ತಿರುವಿದರೆ ನೆತ್ತಿಯ ಮೇಲೆ ಎರಡು ಬಾಗಿಲು ತೆರೆದು ಬ್ಲೇಡಿಗೆ ಜಾಗ ಕೊಡುತ್ತಿತ್ತು. ಇನ್ನೊಂದು ಹಿತ್ತಾಳೆಯದು, ಮೂರು ತುಂಡಿನದು, ಬಣ್ಣಗೇಡಿ.

‘ಎತ್ತಿನ ಹಲ್ಲು ನೋಡ್ತೀರಿ. ಇದರದು ಭಾರ ನೋಡ್ರಿ,’ ಎಂದಳು ಸೈದಾಬಿ.

‘ಬಾಗಲಾ ಇರೂದು ನನಗ,’ ಎಂದು ಅಜ್ಜಪ್ಪ ಬಿಳಿಯದನ್ನು ಎತ್ತಿಕೊಂಡೇ ಬಿಟ್ಟ. ಭರಮಣ್ಣ ಹಿತ್ತಾಳೆಯದನ್ನು ಅಂಗೈಯಲ್ಲಿ ತೂಗಿ ನೋಡಿ ಕಿಸೆಗೆ ಹಾಕಿದ.

ಮರುವಾರದ ಸಂತೆಯಲ್ಲಿ ಭರಮಣ್ಣನ ಮುಖ ಸುಲಿದ ಉಳ್ಳಾಗಡ್ಡಿಯ ಹಾಗೆ ಮಿಂಚುತ್ತಿತ್ತು. ಅಜ್ಜಪ್ಪನ ಮುಖದ ಮೇಲೆ ನಾಲ್ಕು ಕಡೆ ಪೇಪರಿನ ಚೂರು ಅಂಟಿದ್ದವು.

‘ಏನಲೇ, ಬಾಗಲಾ ಹಾಕಿ ಮಾಡ್ಕೊಂಡ್ಯೋ, ತಗದಿಟ್ಟು ಮಾಡ್ಕೊಂಡ್ಯೋ?’ ಎಂದ ಭರಮಣ್ಣ.

ಅಂದು ಹತ್ತಿದ ಕಿಚ್ಚು ಆರಲಿಲ್ಲ. ಹಾವೇರಿಯಲ್ಲಿ ಎರಡು, ದಾವಣಗೆರೆಯಲ್ಲಿ ಒಂದು, ಹೀಗೆ ಅಜ್ಜಪ್ಪನ ತಗಡಿನ ಡಬ್ಬಿಯಲ್ಲಿ ಏಳು ರೇಜರು ಕೂಡಿದವು. ಉದ್ದ ಹಿಡಿಕೆಯದು, ಗಿಡ್ಡ ಹಿಡಿಕೆಯದು, ಬಾಚಣಿಗೆಯಂಥ ಹಲ್ಲಿನದು. ಯಾವುದೂ ಕೈಗೆ ಒಗ್ಗಲಿಲ್ಲ. ಒಮ್ಮೆ ಮಾನ ಬಿಟ್ಟು, ‘ಒಂದು ತಿಂಗಳಾ ಅದಲು ಬದಲು ಮಾಡೂಣೇನು?’ ಎಂದು ಕೇಳಿದ.

‘ಹೇಣ್ತಿ, ರೇಜರು ಎರವಲು ಕೊಡೂವಲ್ಲಪಾ,’ ಎಂದು ಭರಮಣ್ಣ ನಕ್ಕ. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಕ್ಕ.

* * *

‘ಯುವರಾಜಗ ಬರಬ್ಯಾಡ ಅನ್ನು,’ ಎಂದ ಅಜ್ಜಪ್ಪ. ‘ನಾನ ಮಾಡ್ತೇನಿ.’

ಭಜನೆಯವರ ನಡುವೆ ತಾಳ ಹಿಡಿದು ಕುಳಿತಿದ್ದ ನೆರೆಮನೆಯ ಸಿದ್ದಲಿಂಗೇಶ ತಲೆಯಾಡಿಸಿದ. ‘ಗೆಳೆತನ ಅಂದ್ರ ಹಿಂಗಿರಬೇಕು ನೋಡ್ರಿ. ನಾ ಸತ್ರ ನಮ್ಮವರು ಕೈಯಾಗಿನ ಇಸ್ಪೀಟ್ ಎಲಿ ಸೈತ ಕೆಳಗಿಡಾಂಗಿಲ್ಲ.’

ಯಾರೋ ನಕ್ಕು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಅಜ್ಜಪ್ಪ ತಲೆ ತಗ್ಗಿಸಿದ.

ಹೆಣವನ್ನು ಪಡಸಾಲೆಯ ಒಳಮಗ್ಗುಲಿಗೆ ಸರಿಸಿ ಪರದೆ ಕಟ್ಟಿದರು. ಮೈಲೇಶ ರೇಜರು, ಹೊಸ ಬ್ಲೇಡು, ಬ್ರಶ್ಶು, ಬಿಸಿನೀರಿನ ಚರಿಗೆ ತಂದಿಟ್ಟು ಹೊರಗೆ ಹೋದ. ಹಿತ್ತಾಳೆಯದು ಅಂಗೈಯಲ್ಲಿ ಭಾರವಾಗಿ ಕುಳಿತಿತು. ಇಷ್ಟು ವರ್ಷ ಕನಸಿನಲ್ಲಿ ಹಿಡಿದ ಹಾಗೆಯೇ ಇತ್ತು. ನೊರೆ ಹಚ್ಚಿ ಅಜ್ಜಪ್ಪ ಮೊದಲ ಎಳೆ ಎಳೆದ. ಎರಡನೆಯದಕ್ಕೆ ಅದು ಕುಪ್ಪಳಿಸಿತು. ದವಡೆಯ ಕೆಳಗೆ ಸಣ್ಣ ಗೀರು ಬಿತ್ತು, ರಕ್ತ ಬರಲಿಲ್ಲ. ಬಿಚ್ಚಿ, ಬ್ಲೇಡು ಸರಿಮಾಡಿ, ಮತ್ತೆ ಎಳೆದ. ಮತ್ತೆ ಕುಪ್ಪಳಿಸಿತು, ಡಬ್ಬಿಯೊಳಗಿನ ಏಳರ ಹಾಗೆಯೇ.

ನಸುಕಿನಿಂದ ಗಂಡನ ಕಾಲ ಬಳಿ ಕುಳಿತಿದ್ದ ಉಚ್ಚಂಗೆವ್ವ ಕೈ ಚಾಚಿದಳು.

‘ಕೊಡ್ರಿ ಇಲ್ಲೆ ಅಣ್ಣಾ. ನಿಮಗ ಬರಂಗಿಲ್ಲ.’

‘ನಿನಗ ಹೆಂಗ ಬರ್ತೈತೆವ್ವಾ?’

‘ಅವ್ರಿಗೆಲ್ಲಿ ಬರ್ತಿತ್ತು? ತಂದ ದಿನಾನ ಕಿವಿ ಕೊಯ್ಕೊಂಡು ಕುಂತ್ರು. ಅವತ್ತಿಂದ ನಾನ ಮಾಡೇನಿ. ಯಾರ ಮುಂದೂ ಹೇಳಬ್ಯಾಡ ಅಂದಿದ್ರು. ನಿಮ್ಮ ಮುಂದಂತೂ ಬ್ಯಾಡೇ ಬ್ಯಾಡ ಅಂದಿದ್ರು.’

ಅಜ್ಜಪ್ಪ ರೇಜರು ಕೊಟ್ಟ.

ಅವನ ಹೆಂಡತಿ ಮುದುಕವ್ವ ತೀರಿಹೋಗಿ ಹನ್ನೊಂದು ವರ್ಷ. ಒಂದು ಮುಂಜಾನೆ ಅವನ ಅಂಗಿಯ ಕೊರಳಪಟ್ಟಿಗೆ ಹತ್ತಿದ ರಕ್ತ ನೋಡಿ, ಹಸಿ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನಿಂತಿದ್ದಳು. ‘ಕುತ್ತಿಗಿ ಅಷ್ಟ ನಾ ಎಳೀಲೇನ್ರಿ?’ ಎಂದಿದ್ದಳು. ‘ಇದು ಗಂಡಸರ ಕೆಲಸ, ಒಳಗ ನಡಿ,’ ಎಂದಿದ್ದ. ಒಳಗೆ ಹೋದವಳು ಮತ್ತೆಂದೂ ಕೇಳಲಿಲ್ಲ.

ಉಚ್ಚಂಗೆವ್ವ ಸೆರಗು ಸಿಕ್ಕಿಸಿ ಮೊಣಕಾಲೂರಿದಳು. ಎಡಗೈಯ ಹೆಬ್ಬೆರಳಿನಿಂದ ಕಿವಿಯ ಮುಂದಿನ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದಳು. ಬಲಗೈ ಒತ್ತಲಿಲ್ಲ, ರೇಜರು ತನ್ನ ಭಾರಕ್ಕೆ ತಾನೇ ಇಳಿಯಿತು, ಸರ್ರನೆ. ಚರಿಗೆಯ ನೀರಿನಲ್ಲಿ ಅದ್ದಿ ಒದರಿದಳು. ಮತ್ತೆ ಹೆಬ್ಬೆರಳು ಒಂದು ಬೆರಳಗಲ ಕೆಳಗೆ ಬಂತು, ಹಿಂದೆಯೇ ರೇಜರು. ಅಜ್ಜಪ್ಪನಿಗೆ ರೇಜರಿನ ಆಸೆ ಹೋಗಿತ್ತು. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಅದೀಗ ಆ ಹೆಬ್ಬೆರಳ ಮೇಲೆ ಕುಳಿತಿತ್ತು.

ಬಲಗಡೆ ಮುಗಿಯಿತು. ಎಡಗಡೆ ಹಲ್ಲಿಲ್ಲದ ಗಲ್ಲ ಒಳಕ್ಕೆ ಕುಸಿದಿತ್ತು.

‘ಗಲ್ಲ ಉಬ್ಬಿಸ್ರಿ,’ ಎಂದಳು ಉಚ್ಚಂಗೆವ್ವ ಗಂಡನಿಗೆ, ದಿನದ ರೂಢಿಯಂತೆ.

ಅಂದವಳು ರೇಜರು ಎತ್ತಿ ಹಿಡಿದು ಕಾದಳು. ಹೊರಗೆ ಭಜನೆಯ ಒಂದು ಪದ ಮುಗಿದು ಇನ್ನೊಂದು ಶುರುವಾಗಿರಲಿಲ್ಲ. ಎದುರಿಗೆ ಕುಳಿತಿದ್ದ ಅಜ್ಜಪ್ಪ, ತನಗೇ ತಿಳಿಯದೆ, ತುಟಿ ಬಿಗಿದು ತನ್ನ ಎಡಗಲ್ಲವನ್ನು ಉಬ್ಬಿಸಿಕೊಂಡಿದ್ದ.