ಮೇಷ್ಟ್ರ ಹೆಡರ್

ನಮ್ಮ ಕಂಪನಿ ಇರುವುದು ಮಧುಗಿರಿಯಲ್ಲಿ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಬೋರ್‌ವೆಲ್ ಮೋಟರುಗಳಿಗೆ ಕೂರಿಸುವ ಕಂಟ್ರೋಲ್ ಬಾಕ್ಸು ಮಾಡುತ್ತೇವೆ. ಬಾಕ್ಸಿನೊಳಗಿನ ಪ್ರೋಗ್ರಾಂ ಸಿ ಭಾಷೆಯದು. ಸಾವಿರದ ನಾನೂರು ಫೈಲು, ಹದಿನೈದು ವರ್ಷದ ಕಸ. ಕಸ ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ, ಗುಡಿಸಿದವಳು ನಾನು.

ಹಲವು ಫೈಲುಗಳಿಗೆ ಬೇಕಾಗುವ ವಿವರಗಳನ್ನು ಒಂದು ಕಡೆ ಬರೆದಿಟ್ಟರೆ ಅದು ಹೆಡರ್. ತನಗೆ ಯಾವ ಯಾವ ಹೆಡರ್ ಬೇಕು ಅಂತ ಪ್ರತಿ ಫೈಲಿನ ತಲೆಯಲ್ಲೂ ಸಾಲಾಗಿ ಬರೆಯಬೇಕು. ನಮ್ಮಲ್ಲಿ ಬೇಕಾದ್ದು ಬೇಡದ್ದು ಎಲ್ಲ ತುರುಕಿದ್ದರು. ಒಂದು ಅಕ್ಷರ ತಿದ್ದಿದರೂ ಇಡೀ ಪ್ರೋಗ್ರಾಂ ಮತ್ತೆ ಬಿಲ್ಡ್ ಆಗಲು, ಅಂದರೆ ಬಾಕ್ಸಿಗೆ ತುಂಬುವ ರೂಪಕ್ಕೆ ಬರಲು, ಐವತ್ತು ನಿಮಿಷ ಬೇಕಿತ್ತು.

ಕಂಪನಿ ಕಟ್ಟಿದ ನಂದೀಶ್ವರಯ್ಯನವರು ಮೊದಲು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದವರು. ಎಲ್ಲರ ಬಾಯಲ್ಲೂ ಮೇಷ್ಟ್ರು. ಅವರೇ ನನ್ನನ್ನು ಕರೆದು ಹೇಳಿದರು: "ವನಜಾಕ್ಷಿ, ಇದನ್ನೊಂಚೂರು ಒಪ್ಪ ಮಾಡ್ಕೊಡು ಕಣಮ್ಮ. ದೀಪಾವಳಿಗೆ ನಿನ್ನೇ ಟೀಮ್ ಲೀಡ್ ಮಾಡ್ತೀನಿ. ಕೆಲ್ಸಾನೂ ಖಾಯಂ."

ಆರು ವರ್ಷದಿಂದ ಐ.ಡಿ.ಹಳ್ಳಿಯಿಂದ ಬಸ್ಸು ಹತ್ತಿ ಬರುತ್ತಿದ್ದೇನೆ, ಆರೂ ವರ್ಷ ಕಾಂಟ್ರಾಕ್ಟ್. ನನಗಿಂತ ಎರಡು ವರ್ಷ ಆಮೇಲೆ ಬಂದ ಕೊರಟಗೆರೆಯ ರೇಣುಕಪ್ರಸಾದ್ ಆಗಲೇ ಖಾಯಂ. ಖಾಯಂ ಅನ್ನುವ ಆ ಒಂದು ಮಾತಿಗೆ ನಾನು ಎಂಟು ತಿಂಗಳು ಕತ್ತೆಯಂತೆ ದುಡಿದೆ. ಒಂದೊಂದೇ ಫೈಲು ತೆರೆದು ನೋಡಿ, ಬೇಡದ ಸಾಲು ಕಿತ್ತೆ.

ಒಂದು ಸಾಲಿನ ಹತ್ತಿರ ಮಾತ್ರ ಕೈ ನಿಂತಿತು. ಎಲ್ಲ ಫೈಲಿನಲ್ಲೂ ಮೊಟ್ಟಮೊದಲ ಸಾಲು ಮೇಷ್ಟ್ರ ಹೆಡರ್. ಅವರ ಹೆಸರಿನ ಅರ್ಧವನ್ನೇ ಇಟ್ಟ 'ನಂದಿ' ಅನ್ನುವ ಫೈಲು ಅದು. ಬೇಕಿರಲಿ ಬಿಡಲಿ, ಅದು ಮೊದಲು. ರೇಣುಕಪ್ರಸಾದನನ್ನು ಕೇಳಿದರೆ, "ಲಗ್ನಪತ್ರಿಕೇಲಿ ಮನೆದೇವ್ರ ಹೆಸ್ರು ಮೇಲೆ ಹಾಕಲ್ವಾ ಮೇಡಂ, ಅಂಗೆ" ಅಂದ. ಹೊಸಬರು ಕೆಲಸಕ್ಕೆ ಸೇರಿದ ದಿನ ಮೊದಲು ಹೇಳಿಕೊಡುವುದೇ ಈ ಮರ್ಯಾದೆ.

ನಾನು ಮರ್ಯಾದೆಗೆಟ್ಟವಳಲ್ಲ. ಮೇಷ್ಟ್ರನ್ನೇ ಹೋಗಿ ಕೇಳಿದೆ. "ಸರ್, ಒಂಬೈನೂರು ಫೈಲಿಗೆ ನಿಮ್ಮ ಹೆಡರ್ ಬೇಕಾಗೇ ಇಲ್ಲ. ತೆಗೆದರೆ ಏನಾದ್ರೂ ತೊಂದರೆ ಇದೆಯಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಏನಿಲ್ಲ ಕಣಮ್ಮ. ಹುಡುಗ್ರು ಗೌರವಕ್ಕೆ ಅಂತ ಇಟ್ಕಂಡವ್ರೆ. ನಿಂಗೆ ಹೆಂಗೆ ಸರಿ ಅನ್ಸುತ್ತೋ ಅಂಗೆ ಮಾಡು."

ತೆಗೆದೆ. ಐವತ್ತು ನಿಮಿಷದ ಬಿಲ್ಡು ನಾಲ್ಕು ನಿಮಿಷಕ್ಕೆ ಇಳಿಯಿತು. ಮೇಷ್ಟ್ರು ಎಲ್ಲರೆದುರು ಭೇಷ್ ಅಂದರು. ಆಫೀಸಿನಲ್ಲಿ ಪರೀಕ್ಷೆ ಮಾಡಿದ ಬಾಕ್ಸುಗಳೆಲ್ಲ ಚೆನ್ನಾಗೇ ಓಡಿದವು. ಆದರೆ ಆಫೀಸಿನಲ್ಲಿ ಬೋರ್‌ವೆಲ್ ಇಲ್ಲವಲ್ಲ. ನೀರು ನಿಂತಾಗ ಮೋಟರು ತಾನಾಗಿ ಆಫ್ ಆಗುತ್ತದೋ ಇಲ್ಲವೋ ಅನ್ನುವುದನ್ನು ನಾವು ಯಾರೂ ನೋಡಲಿಲ್ಲ. ಅದು ನನ್ನ ತಪ್ಪೂ ಹೌದು.

ಹೊಸ ಪ್ರೋಗ್ರಾಂ ತುಂಬಿದ ಬಾಕ್ಸುಗಳು ಹಳ್ಳಿಗಳಿಗೆ ಹೋದ ಮೂರನೇ ವಾರ, ಆಂಧ್ರ ಗಡಿಯ ವೈ.ಎನ್.ಹೊಸಕೋಟೆಯಿಂದ ಕದರಪ್ಪ ಅನ್ನುವ ರೈತರು ಫೋನು ಮಾಡಿದರು. "ನೀರು ನಿಂತೋದ್ರೂ ನಿಮ್ ಬಾಕ್ಸು ಆಫ್ ಆಗ್ಲಿಲ್ಲ ಕಣಮ್ಮ. ಮೋಟ್ರು ಕಾಲಿಪೋಯಿಂದಿ. ಸುಟ್ಟು ಕರಕಲು." ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸಂಜೆಯ ಹೊತ್ತಿಗೆ ಹನ್ನೊಂದು ಮೋಟರು ಸುಟ್ಟ ಸುದ್ದಿ ಬಂತು.

ಎರಡು ದಿನ ಹುಡುಕಿ ಕಾರಣ ಹಿಡಿದೆ. ಮಾಹಿತಿಯನ್ನು ನಡುವೆ ಜಾಗ ಬಿಡದೆ ಒತ್ತಾಗಿ ಜೋಡಿಸು ಅನ್ನುವ ಆಜ್ಞೆ ಮೇಷ್ಟ್ರ ಹೆಡರಿನಲ್ಲಿತ್ತು. ಅಂಥ ಆಜ್ಞೆಯನ್ನು ಕೆಲಸ ಮುಗಿದ ಕೂಡಲೇ ಇನ್ನೊಂದು ಸಾಲು ಬರೆದು ನಿಲ್ಲಿಸಬೇಕು. ಅವರು ನಿಲ್ಲಿಸಿರಲಿಲ್ಲ. ಆ ಹೆಡರ್ ಎಲ್ಲ ಫೈಲಿನಲ್ಲೂ ಮೊದಲು ಇದ್ದಷ್ಟು ದಿನ ಎಲ್ಲವೂ ಒಂದೇ ತರ ಒತ್ತಾಗಿ ಕೂರುತ್ತಿದ್ದವು. ನಾನು ಒಂಬೈನೂರು ಕಡೆ ತೆಗೆದ ಮೇಲೆ, ನೀರಿಲ್ಲ ಅನ್ನುವ ಸುದ್ದಿಯನ್ನು ಒಂದು ಫೈಲು ಬರೆದಿಟ್ಟ ಜಾಗ ಒಂದು, ಇನ್ನೊಂದು ಫೈಲು ಹುಡುಕಿದ ಜಾಗ ಬೇರೆ.

ಯಾವ ಸಾಲನ್ನು ಯಾರು ಯಾವತ್ತು ಬದಲಿಸಿದರು ಅನ್ನುವುದೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಕೆದಕಿದೆ. ಹನ್ನೆರಡು ವರ್ಷದ ಹಿಂದೆ ಒಂದೇ ದಿನ ಎಲ್ಲ ಫೈಲುಗಳ ತಲೆಗೆ ಆ ಹೆಡರನ್ನು ಏರಿಸಿದ್ದು ಖುದ್ದು ಮೇಷ್ಟ್ರು. ಪಕ್ಕದಲ್ಲಿ ಅವರದೇ ಟಿಪ್ಪಣಿ: "ಶಿರಾ ಕಡೆ ಆರು ಮೋಟರು ಸುಟ್ಟಿವೆ. ಸದ್ಯಕ್ಕೆ ಹೀಗಿರಲಿ." ಓದಿ ನನಗೆ ಮೈಯೆಲ್ಲ ಉರಿಯಿತು. ಅದು ಗೌರವವೂ ಅಲ್ಲ, ಮಣ್ಣೂ ಅಲ್ಲ. ಆಜ್ಞೆ ನಿಲ್ಲಿಸುವ ಒಂದು ಸಾಲು ಬರೆಯುವ ಬದಲು ಹೆಡರನ್ನೇ ಎಲ್ಲ ಕಡೆ ಹಾಕಿ ಅವರು ತಪ್ಪು ಮುಚ್ಚಿದ್ದರು. ಆಮೇಲೆ ಬಂದವರು ಅದಕ್ಕೆ ಕೈಮುಗಿದರು.

ಅವರ ಕೋಣೆಗೆ ಹೋಗಿ ತೋರಿಸಿದೆ. "ನೀನು ಕೇಳ್ದಾಗ್ಲೇ ಹೇಳ್ಬೇಕಿತ್ತು" ಅಂದರು. "ನಾಚ್ಕೆ ಆಯ್ತು. ಏನೂ ಆಗಲ್ಲ ಅನ್ಕಂಡೆ."

"ಹಂಗಾದ್ರೆ ನಾಳೆ ಮೀಟಿಂಗ್‌ನಲ್ಲಿ ಹೇಳಿ ಸರ್."

"ಹೇಳ್ತೀನಿ" ಅಂದರು. ನಂಬಿದೆ.

ಮೀಟಿಂಗಿನಲ್ಲಿ ರೇಣುಕಪ್ರಸಾದ್, "ಮೇಷ್ಟ್ರ ಸಾಲು ಮುಟ್ಟಬೇಡಿ ಅಂತ ನಾನು ಮೊದ್ಲೇ ಹೇಳಿದ್ದೆ" ಅಂದ. ಅವನು ಹಾಗೆ ಹೇಳಿರಲಿಲ್ಲ. ನಾನು ಮೇಷ್ಟ್ರ ಮುಖ ನೋಡಿದೆ. ಅವರು ಮೇಜಿನ ಮೇಲಿನ ನೀರಿನ ಬಾಟಲಿ ನೋಡುತ್ತಿದ್ದರು. ಕೊನೆಗೆ ನಾನೇ ಹಳೆಯ ದಾಖಲೆ ತೆರೆದು ದೊಡ್ಡ ಸ್ಕ್ರೀನಿಗೆ ಹಾಕಿದೆ. ಎಲ್ಲರೂ ಓದಿದರು. ಯಾರೂ ಅವರನ್ನು ಒಂದು ಮಾತು ಕೇಳಲಿಲ್ಲ. "ದೊಡ್ಡೋರನ್ನ ಹಿಂಗೆ ಎಲ್ರೆದ್ರು ಅವಮಾನ ಮಾಡ್ಬಾರ್ದಿತ್ತು ಮೇಡಂ" ಅಂತ ರೇಣುಕಪ್ರಸಾದನೇ ಅಂದ. ಉಳಿದವರು ತಲೆಯಾಡಿಸಿದರು.

ದೀಪಾವಳಿಗೆ ಅವನು ಟೀಮ್ ಲೀಡ್ ಆದ. ನನ್ನ ಕಾಂಟ್ರಾಕ್ಟು ಇನ್ನಾರು ತಿಂಗಳು ಮುಂದುವರಿಯಿತು. ನನ್ನ ಎಂಟು ತಿಂಗಳ ಕೆಲಸವನ್ನು ವಾಪಸು ಪಡೆಯಿರಿ ಅಂದರು. ಅದಕ್ಕೆ ಒಂದು ಆಜ್ಞೆ ಸಾಕು, ಅದನ್ನೂ ನನ್ನ ಕೈಯಲ್ಲೇ ಟೈಪ್ ಮಾಡಿಸಿದರು.

ಆದರೂ ಮನಸ್ಸು ತಡೆಯಲಿಲ್ಲ. ಆಜ್ಞೆ ನಿಲ್ಲಿಸುವ ಆ ಒಂದು ಸಾಲನ್ನು ಮೇಷ್ಟ್ರ ಹೆಡರಿಗೆ ಸೇರಿಸಿ, ನೀರಿನ ತೊಟ್ಟಿಗೆ ಮೋಟರು ಇಳಿಸಿ, ತೊಟ್ಟಿ ಖಾಲಿ ಮಾಡಿ ಪರೀಕ್ಷಿಸಿ, ಒಪ್ಪಿಗೆಗೆ ಕಳಿಸಿದೆ. ಮರುದಿನ ಉತ್ತರ ಬಂತು: "ಇದು ಮೇಷ್ಟ್ರ ಫೈಲು. ತಿದ್ದುವಂತಿಲ್ಲ." ಬರೆದವನು ರೇಣುಕಪ್ರಸಾದ್ ಇರಬೇಕು ಅಂದುಕೊಂಡು ಕೆಳಗೆ ನೋಡಿದೆ. ಅಲ್ಲಿದ್ದದ್ದು ನಂದೀಶ್ವರಯ್ಯನವರ ಹೆಸರು.